ಕೊನೆಯ ಡ್ವೆಮರ್‌ಗೆ ಏನೂ ಗೊತ್ತಿಲ್ಲ

"ಮಾರೋವಿಂಡ್ ಆದಮೇಲೆ ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಓದುವಂಥದ್ದು ಏನೂ ಇಲ್ಲ." ಈ ವೀಡಿಯೊ ಆಟಗಳ ಸರಣಿಯ ಮೇಲಿನ ಈ ತೀರ್ಪನ್ನು ನಾನು ಮೊದಲು ಕೇಳಿದ್ದು 2006ರಲ್ಲಿ, ಆಬ್ಲಿವಿಯನ್ ಬಂದ ವರ್ಷ. 2011ರ ನವೆಂಬರಿನಲ್ಲಿ ಸ್ಕೈರಿಮ್ ಬಂದಾಗ ಮತ್ತೆ ಕೇಳಿದೆ. ಈಚೆಗೆ ಕೇಳಿದ್ದು ನಮ್ಮ ಬೀದಿಯ ಹುಡುಗನೊಬ್ಬನ ಬಾಯಲ್ಲಿ. ಮಾರೋವಿಂಡ್ ಬಿಡುಗಡೆಯಾದ 2002ರಲ್ಲಿ ಅವನಿನ್ನೂ ಹುಟ್ಟಿರಲಿಲ್ಲ. ಆದರೂ ಅದೇ ಮಾತು, ಅದೇ ಏರಿಳಿತ, ಕೊನೆಯಲ್ಲಿ ಅದೇ ನಿಟ್ಟುಸಿರು: ಬರಹಗಾರ ಮೈಕಲ್ ಕರ್ಕ್‌ಬ್ರೈಡ್ ಕೆಲಸ ಬಿಟ್ಟು ಹೋದ, ಆಟದ ಲೋಕವಾದ ಟ್ಯಾಮ್ರಿಯಲ್‌ನ ಪುರಾಣವೂ ಅವನ ಹಿಂದೆಯೇ ಹೋಯಿತು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಇಷ್ಟು ವರ್ಷ ಈ ಮಾತಿಗೆ ತಲೆಯಾಡಿಸುತ್ತ ಬಂದ ನನಗೆ ಅವತ್ತು ಯಾಕೋ ರೇಗಿಹೋಯಿತು.

ನಾನೂ ಮಾರೋವಿಂಡ್ ಪಕ್ಷದವನೇ, ಅದನ್ನು ಮುಚ್ಚಿಟ್ಟು ಬರೆಯುವುದಿಲ್ಲ. ಗೆಳೆಯನ ರೂಮಿನ ಕಂಪ್ಯೂಟರಿನಲ್ಲಿ, ಅವನು ಮಲಗಿದ ಮೇಲೆ, ದನಿ ಪೂರಾ ತಗ್ಗಿಸಿಕೊಂಡು ಆಡಿದವನು. ಸೇಡಾ ನೀನ್‌ನ ದಕ್ಕೆಯಲ್ಲಿ ಇಳಿದು, ಕಚೇರಿಯಲ್ಲಿ ಹೆಸರು ಬರೆಸಿ, ಬಾಲ್ಮೋರಾದ ಯಾರೋ ಕೈಯಸ್‌ಗೆ ತಲುಪಿಸಬೇಕಾದ ಪೊಟ್ಟಣ ಹಿಡಿದು ದಾರಿ ತಪ್ಪಿದ ಆ ರಾತ್ರಿಯನ್ನು ಮರೆಯುವವನಲ್ಲ. ನನ್ನ ತಕರಾರು ಆ ಪ್ರೀತಿಯ ಮೇಲಲ್ಲ, ಅದಕ್ಕೆ ಜನ ಕೊಡುವ ಕಾರಣದ ಮೇಲೆ.

ಕಾರಣ ಒಂದೇ: ಆ ಆಟದ ದೇವರು-ದೊರೆ ವಿವೆಕ್. ಇನ್ನೂ ಬಿಡಿಸಿ ಹೇಳಿದರೆ, ಕರ್ಕ್‌ಬ್ರೈಡ್ ಬರೆದ ವಿವೆಕ್‌ನ ಮೂವತ್ತಾರು ಪಾಠಗಳು. ವಾರ್ಡನ್‌ಫೆಲ್ ದ್ವೀಪದ ಅಲ್ಲಲ್ಲಿ ಒಂದೊಂದು ಹೊತ್ತಿಗೆಯಾಗಿ ಚದುರಿಬಿದ್ದಿರುವ ಆ ಗದ್ಯಕ್ಕೆ ಭಕ್ತರು ಉಪನಿಷತ್ತಿಗೆ ಬರೆದ ಹಾಗೆ ಭಾಷ್ಯ ಬರೆದಿದ್ದಾರೆ. ಜಗತ್ತು ಒಂದು ಕನಸು, ಅದು ಕನಸೆಂದು ತಿಳಿದೂ ಅಳಿಯದೆ ಉಳಿದವನಿಗೆ ಚಿಮ್ ಸಿದ್ಧಿಸುತ್ತದೆ, ಇತ್ಯಾದಿ. ವಿವೆಕ್‌ನ ಮೈ ಅರ್ಧ ಹೊನ್ನಿನ ಬಣ್ಣ, ಅರ್ಧ ಬೂದಿ ಬಣ್ಣ. ಗಂಡೂ ಹೌದು ಹೆಣ್ಣೂ ಹೌದು. ಕಾಲು ಮಡಚಿ ನೆಲ ಬಿಟ್ಟು ತೇಲುವ ಭಂಗಿ. ಅರ್ಧನಾರೀಶ್ವರನನ್ನು ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ನಮ್ಮವರಿಗೆ ಇವನು ಎಲ್ಲೋ ಕಂಡ ನೆಂಟನ ಹಾಗೆ ಅನ್ನಿಸಿ ಮೋಹ ಇಮ್ಮಡಿಯಾಗುತ್ತದೆ. ಅದನ್ನೂ ನೋಡಿದ್ದೇನೆ.

ಸ್ವಾಮಿ, ಈ ಪಾಠಗಳನ್ನು ಬರೆದವರು ಯಾರು? ಕಥೆಯೊಳಗೆ ನೋಡಿದರೆ ವಿವೆಕ್ ತಾನೇ. ತನ್ನ ಜನ್ಮದ ಪವಾಡ, ತನ್ನ ಲೀಲೆ, ತಾನು ತನ್ನ ಒಡೆಯ ನೆರೆವಾರ್‌ಗೆ ಗುರುವಾದ ಬಗೆ, ಎಲ್ಲ ಅವನ ಕೈಬರಹ. ಅರಸನೂ ಅವನೇ, ಆಸ್ಥಾನಕವಿಯೂ ಅವನೇ, ದೇವಸ್ಥಾನವೂ ಅವನದೇ. ಇದಕ್ಕೆ ಭಕ್ತರ ಉತ್ತರ ಸಿದ್ಧವಾಗಿರುತ್ತದೆ: ಇಪ್ಪತ್ತೊಂಬತ್ತನೆಯ ಪಾಠದ ಅಂಕಿಗಳನ್ನು ಹಿಡಿದು ಒಂದೊಂದು ಪಾಠದಿಂದ ಒಂದೊಂದು ಪದ ಹೆಕ್ಕುತ್ತ ಹೋದರೆ ತಪ್ಪೊಪ್ಪಿಗೆಯೊಂದು ಹೊರಬೀಳುತ್ತದೆ. ತಾನು ಹುಟ್ಟಾ ದೇವರಲ್ಲ, ದೈವತ್ವವನ್ನು ಕದ್ದೆ, ಒಡೆಯನನ್ನು ಕೊಂದೆ, ಮನಸಾರೆ ಕೊಂದೆ ಎಂದು. ಎಂಥ ಜಾಣ್ಮೆ ನೋಡಿ ಎನ್ನುತ್ತಾರೆ. ಜಾಣ್ಮೆ ಹೌದು. ಆದರೆ ಕೊಲೆಯನ್ನು ಪದಬಂಧ ಮಾಡಿ ಬಚ್ಚಿಟ್ಟು, ಬಿಡಿಸಿದವರು ಚಪ್ಪಾಳೆ ತಟ್ಟಲಿ ಎಂದು ಕಾಯುವವನಿಗೆ ನಮ್ಮ ಕಡೆ ಬೇರೆ ಹೆಸರಿದೆ. ಅವನ ಊರಿನ ನೆತ್ತಿಯ ಮೇಲೆ ನೇತಾಡುವ ಬಂಡೆಯನ್ನು ನೆನಪಿಸಿಕೊಳ್ಳಿ. ಆಕಾಶದಿಂದ ಬೀಳುತ್ತಿದ್ದದ್ದನ್ನು ಅವನು ತಡೆದು ನಿಲ್ಲಿಸಿದ್ದಾನೆ, ಜನರ ಭಕ್ತಿ ಇರುವ ತನಕ ಅದು ನಿಂತಿರುತ್ತದೆ. ಸರಿ. ಅದರೊಳಗೆ ಏನಿದೆ? ತನ್ನನ್ನು ಪ್ರಶ್ನಿಸಿದ ಪೂಜಾರಿಗಳಿಗೆ ಜೈಲು. ಹೆಸರು ಸತ್ಯದ ಸಚಿವಾಲಯ. ದೇವರು ಪತ್ತೆಯಿಲ್ಲದೆ ಹೋದಮೇಲೆ, ನಾಲ್ಕನೆಯ ಯುಗದ 5ನೇ ವರ್ಷದಲ್ಲಿ, ಬಂಡೆ ಊರ ಮೇಲೇ ಬಿತ್ತು, ಕೆಂಪು ಪರ್ವತ ಸಿಡಿಯಿತು, ದ್ವೀಪ ಬೂದಿಯಾಯಿತು.

ಅದೇ ದ್ವೀಪದಲ್ಲಿ, ಅದೇ ಆಟದಲ್ಲಿ, ಮೂವತ್ತಾರು ಪಾಠಗಳಿಗೂ ಮಿಗಿಲಾದ ಒಂದು ಪಾತ್ರವಿದೆ. ಮಾರೋವಿಂಡ್ ಯಾಕೆ ದೊಡ್ಡದು ಎಂದು ಕೇಳಿದರೆ ನಾನು ಬೆರಳು ಮಾಡಿ ತೋರಿಸುವುದು ಅಲ್ಲಿಗೆ.

ಟೆಲ್ ಫಿರ್ ಗೋಪುರದ ಅಡಿಗೆ ಇಳಿಯಬೇಕು. ಕಾರ್ಪ್ರಸ್ ರೋಗಿಗಳನ್ನು ಕೂಡಿಹಾಕಿರುವ ಗವಿ ಅದು. ರೋಗಿಗಳು ಮೇಲೆ ಬಿದ್ದು ಹೊಡೆಯುತ್ತಾರೆ; ನೀವು ತಿರುಗಿ ಹೊಡೆಯುವಂತಿಲ್ಲ, ಅವರು ಗೋಪುರದ ಯಜಮಾನ ಡಿವೇತ್ ಫಿರ್‌ನ ಅತಿಥಿಗಳು. ಆ ಹೊತ್ತಿಗೆ ನಿಮಗೂ ಅದೇ ರೋಗ ತಗುಲಿರುತ್ತದೆ, ಅದನ್ನು ಮರೆಯಬೇಡಿ. ಪೆಟ್ಟು ತಿನ್ನುತ್ತ, ಜಾಗ ಬಿಟ್ಟು ಓಡುತ್ತ ಗವಿಯ ಕೊನೆ ಮುಟ್ಟಿದರೆ ಅಲ್ಲಿ ಯಾಗ್ರಮ್ ಬಗಾರ್ನ್. ಊದಿಕೊಂಡ ಮೈಯನ್ನು ಜೇಡರಕಾಲಿನ ಯಂತ್ರದ ಮೇಲೆ ಹೊತ್ತು ಕೂತ ಮುದುಕ. ಉಳಿದ ಒಬ್ಬನೇ ಡ್ವೆಮರ್.

ಡ್ವೆಮರ್ ಕುಲ ಏನಾಯಿತು ಎಂಬುದು ಈ ಲೋಕದ ಅತಿ ಹಳೆಯ ಪ್ರಶ್ನೆ. ಮೊದಲ ಯುಗದ 700ರಲ್ಲಿ, ಕೆಂಪು ಪರ್ವತದ ಯುದ್ಧದ ನಡುವೆ, ಅವರ ಮಹಾಶಿಲ್ಪಿ ಕಾಗ್ರೆನಾಕ್ ತನ್ನ ಸಲಕರಣೆಗಳಿಂದ ಲೋರ್ಕಾನ್ ಎಂಬ ದೇವರ ಹೃದಯಕ್ಕೆ ಕೈಯಿಟ್ಟ. ಆ ಕ್ಷಣ ಇಡೀ ಕುಲ ಇಲ್ಲವಾಯಿತು. ಸತ್ತರೇ, ದೇವರಾದರೇ, ಲೆಕ್ಕ ತಪ್ಪಿತೇ? ಯಾಗ್ರಮ್ ಅದೇ ಕಾಗ್ರೆನಾಕ್‌ನ ಕೈಕೆಳಗೆ ದುಡಿದ ಕಮ್ಮಟಿಗ. ಕೇಳಬೇಕಾದವನು ಇವನೇ ಎಂದು ಓಡಿ ಹೋಗಿ ಕೇಳಿದರೆ ಅವನು ಹೇಳುವುದಿಷ್ಟು: ನಾನು ಆಗ ಊರಲ್ಲಿರಲಿಲ್ಲ. ಬೇರೊಂದು ಲೋಕಕ್ಕೆ ಹೋಗಿದ್ದೆ. ಮರಳಿ ಬಂದು ನೋಡಿದರೆ ಯಾರೂ ಇಲ್ಲ. ಪಾಳುಬಿದ್ದ ನೆಲೆಗಳನ್ನೆಲ್ಲ ವರ್ಷಗಟ್ಟಲೆ ಹುಡುಕಿದೆ. ಆಮೇಲೆ ರೋಗ ಬಂತು.

ಮುಗಿಯಿತು. ಮೂರೂವರೆ ಸಾವಿರ ವರ್ಷ ಬದುಕಿದ ಏಕೈಕ ಸಾಕ್ಷಿ, ಸಾಕ್ಷಿಯೇ ಅಲ್ಲ. ಊಹೆ ಒಂದೆರಡಿದೆ, ಅದನ್ನು ಊಹೆ ಎಂದೇ ಹೇಳುತ್ತಾನೆ. ತನ್ನವರ ಅಹಂಕಾರದ ಬಗ್ಗೆ ಅವನಿಗೆ ಭ್ರಮೆಯಿಲ್ಲ, ಕೈಕೆಲಸದ ಬಗ್ಗೆ ಅಭಿಮಾನವಿದೆ. ವಿವೆಕ್ ಎಲ್ಲ ಬಲ್ಲೆನೆಂದು ಒಗಟು ಹೇಳುತ್ತಾನೆ, ಇವನು ತಿಳಿಯದ್ದನ್ನು ತಿಳಿಯದು ಎನ್ನುತ್ತಾನೆ. ಬಿದ್ದುಹೋದ ನಾಗರಿಕತೆಯೊಂದನ್ನು ಆಟವೊಂದು ಇಷ್ಟು ಹತ್ತಿರದಿಂದ ಮುಟ್ಟಿಸಿದ್ದನ್ನು ನಾನು ಬೇರೆ ಕಂಡಿಲ್ಲ.

ಆಟದ ರಚನೆಯೂ ನನ್ನ ಪಕ್ಷದಲ್ಲೇ ಇದೆ. ಮಾರೋವಿಂಡ್‌ನಲ್ಲಿ ವಿವೆಕ್‌ನನ್ನು ಕೊಲ್ಲಬಹುದು. ಬೇಗ ಕೊಂದರೆ ಭವಿಷ್ಯವಾಣಿಯ ಎಳೆ ಕಡಿಯಿತು, ಹಳೆಯ ಸೇವ್‌ಗೆ ಮರಳು, ಇಲ್ಲವೇ ಕೆಟ್ಟ ಈ ಜಗತ್ತಿನಲ್ಲೇ ಇರು ಎಂದು ಪರದೆ ಎಚ್ಚರಿಸುತ್ತದೆ. ಆದರೆ ಎಳೆ ಪೂರಾ ಕಡಿದಿರುವುದಿಲ್ಲ. ಅವನ ಹೆಣದಿಂದ ಕೈಗವಸನ್ನು ತೆಗೆದುಕೊಂಡು, ಕಾಗ್ರೆನಾಕ್‌ನ ಎರಡು ಪುಸ್ತಕ ಹುಡುಕಿ ಯಾಗ್ರಮ್‌ಗೆ ಕೊಟ್ಟರೆ, ಅವನು ಗೊಣಗಿಕೊಂಡೇ ಅದನ್ನು ರಿಪೇರಿ ಮಾಡಿಕೊಡುತ್ತಾನೆ. ತೊಟ್ಟರೆ ಮೈಯ ಕಸುವಿನಲ್ಲಿ ದೊಡ್ಡ ಪಾಲು ಕಾಯಮ್ಮಾಗಿ ಹೋಗುತ್ತದೆ. ಅದರಿಂದಲೇ ಆಟದ ಮುಖ್ಯ ಶತ್ರು ಡಗೋತ್ ಉರ್‌ನನ್ನು ಮುಗಿಸಬಹುದು. ದೇವರಿಲ್ಲದೆ, ಭವಿಷ್ಯವಾಣಿಯ ಅವತಾರವಿಲ್ಲದೆ, ರೋಗಿಷ್ಟ ಕಮ್ಮಟಿಗನೊಬ್ಬನ ಕೈಗುಣದಿಂದ ಕಥೆ ದಡ ಸೇರುತ್ತದೆ. ಮುಖ್ಯ ವಿನ್ಯಾಸಕ ಕೆನ್ ರೋಲ್‌ಸ್ಟನ್ ಕಾಗದ-ದಾಳದ ಆಟಗಳಿಂದ, ಪ್ಯಾರನಾಯ, ರೂನ್‌ಕ್ವೆಸ್ಟ್‌ಗಳಿಂದ ಬಂದವರು. ಅಧಿಕೃತ ಸತ್ಯಕ್ಕೆ ಹಿತ್ತಲ ಬಾಗಿಲು ಇಟ್ಟಿರಬೇಕು ಎಂಬುದು ಆ ಮನೆತನದ ಸಂಸ್ಕಾರ. ಆದರೂ ಕೀರ್ತಿಯೆಲ್ಲ ಕರ್ಕ್‌ಬ್ರೈಡ್ ಲೆಕ್ಕಕ್ಕೆ ಜಮೆ.

ಕರ್ಕ್‌ಬ್ರೈಡ್ ಸಾಮಾನ್ಯ ಬರಹಗಾರರಲ್ಲ, ಒಪ್ಪುತ್ತೇನೆ. ಆದರೆ ಅವರ ಅತ್ಯುತ್ತಮ ಬರಹ ಪಾಠಗಳಲ್ಲ, ಪೆಲಿನಾಲ್‌ನ ಹಾಡು. ಐಲೀಡ್ ಎಂಬ ಎಲ್ಫ್ ಒಡೆಯರ ವಿರುದ್ಧ ಗುಲಾಮರ ರಾಣಿ ಅಲೆಸಿಯಾ ದಂಗೆಯೆದ್ದ ಕಾಲದ ಹುಚ್ಚುವೀರನ ಕಥೆ. ಹರಿದ ಹಸ್ತಪ್ರತಿಗಳ ತುಣುಕುಗಳಾಗಿ ಸಿಗುತ್ತದೆ, ನಡುನಡುವೆ ಹಾಳೆಯೇ ಇಲ್ಲ. ಬಂದದ್ದು ಯಾವುದರ ಜೊತೆ? ಆಬ್ಲಿವಿಯನ್‌ನ ಅನುಬಂಧದ ಜೊತೆ, 2006ರಲ್ಲಿ. ಎಲ್ಲ ಮುಗಿದುಹೋಯಿತು ಎಂದು ಭಕ್ತರು ಎದೆ ಬಡಿದುಕೊಳ್ಳುತ್ತಿದ್ದ ವರ್ಷದಲ್ಲೇ.

ಆಬ್ಲಿವಿಯನ್ ಬಗ್ಗೆ ಮಾತ್ರ ನನ್ನ ಅಳತೆಗೋಲು ಸೊಟ್ಟಗಾಗುತ್ತದೆ. 1998ರಲ್ಲಿ ರೆಡ್‌ಗಾರ್ಡ್ ಆಟದ ಜೊತೆ ಬಂದ ಸಾಮ್ರಾಜ್ಯದ ಕಿರುಗೈಪಿಡಿ, ಆಬ್ಲಿವಿಯನ್ ನಡೆಯುವ ಸಿರೋಡಿಲ್ ಅನ್ನು ದಟ್ಟ ಮಳೆಕಾಡಿನ ನಾಡೆಂದು ಬಣ್ಣಿಸಿತ್ತು. ಆಬ್ಲಿವಿಯನ್ ತೋರಿಸಿದ್ದು ಹಸಿರು ಹುಲ್ಲುಗಾವಲು, ಒಪ್ಪವಾದ ಮರಗಳು. ಚಕ್ರವರ್ತಿ ಟೈಬರ್ ಸೆಪ್ಟಿಮ್ ದೇವರಾದಮೇಲೆ ಕಾಡನ್ನೇ ಮಾಯ ಮಾಡಿದ ಎಂಬ ಸಮಜಾಯಿಷಿಯೂ ಹುಟ್ಟಿತು. ಒಂದಕ್ಕೊಂದು ಹೊಂದದ ದಾಖಲೆಗಳೇ ಈ ಲೋಕದ ಸೊಗಸು ಎನ್ನುವ ನಾನು ಇದನ್ನೂ ಸ್ವಾಗತಿಸಬೇಕು. ಆಗುವುದಿಲ್ಲ. ನನಗೆ ಕಾಡು ಬೇಕಿತ್ತು.

ಆ ಕೈಪಿಡಿ ಸಾಮ್ರಾಜ್ಯದ ಪ್ರಚಾರಪತ್ರ. ಗೆದ್ದ ನಾಡುಗಳ ಜನರೆಲ್ಲ ಅದರಲ್ಲಿ ಒರಟರು, ಇಲ್ಲವೇ ಕೃತಘ್ನರು. ಅಂಚಿನಲ್ಲಿ ಎಲ್ಫ್ ಒಬ್ಬ ಗೀಚಿದ ವ್ಯಂಗ್ಯದ ಟಿಪ್ಪಣಿಗಳೂ ಅಚ್ಚಾಗಿವೆ. ಮುಂದಿನ ಪರಂಪರೆಯೆಲ್ಲ ಹುಟ್ಟಿದ್ದು ಅಲ್ಲಿ ಎಂಬುದು ನನ್ನ ವಾದ: ಪಠ್ಯ ಅರಮನೆಯದು, ಅಂಚು ಸೋತವರದು. ಡ್ರ್ಯಾಗನ್ ಬ್ರೇಕ್ ಎಂಬ ಮಹಾತತ್ತ್ವದ ಹುಟ್ಟು ಇನ್ನೂ ತಮಾಷೆ. 1996ರ ಡ್ಯಾಗರ್‌ಫಾಲ್‌ಗೆ ಹಲವು ಮುಕ್ತಾಯಗಳಿದ್ದವು, ಮುಂದಿನ ಆಟ ಯಾವುದನ್ನು ಹಿಡಿಯಬೇಕು ಎಂಬ ಪೇಚು. ಕಾಲವೇ ಮುರಿದು ಎಲ್ಲವೂ ಒಟ್ಟಿಗೆ ನಡೆದವು ಎಂದುಬಿಟ್ಟರು. ಅಂಗಡಿಯ ತೊಂದರೆಗೆ ಕಂಡುಕೊಂಡ ಉಪಾಯ ದರ್ಶನಶಾಸ್ತ್ರವಾಯಿತು. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಪುರಾಣಗಳು ಬೆಳೆಯುವುದೇ ಹೀಗೆ.

ಇನ್ನು ಸ್ಕೈರಿಮ್. ಡ್ರ್ಯಾಗನ್‌ಗಳನ್ನು ಬಿಡಿ, ನನಗೂ ಅವು ಬೇಕಿಲ್ಲ. ವಿಂಟರ್‌ಹೋಲ್ಡ್ ವಿದ್ಯಾಲಯದ ಆರ್ನಿಯಲ್ ಗೇನ್ ಎಂಬ ಪುಕ್ಕಲು ಪಂಡಿತನನ್ನು ನೋಡಿ. ಹತ್ತು ಡ್ವೆಮರ್ ಚಕ್ರ ತಂದುಕೊಡು ಎನ್ನುತ್ತಾನೆ. ಹೊತ್ತು ಬೆನ್ನು ಮುರಿದುಕೊಂಡು ತಂದುಕೊಟ್ಟರೆ ಇನ್ನೊಂದು ಕೇಳುತ್ತಾನೆ. ವಾರಗಟ್ಟಲೆ ಸತಾಯಿಸಿ ಕೊನೆಗೆ ಕೀನಿಂಗ್ ಕಠಾರಿಯನ್ನೇ ತರಿಸಿಕೊಳ್ಳುತ್ತಾನೆ, ಕಾಗ್ರೆನಾಕ್‌ನ ಅದೇ ಕಠಾರಿ. ಹೃದಯ ಈಗಿಲ್ಲವಲ್ಲ, ಅದರ ಬದಲಿಗೆ ಸೊಟ್ಟಗಾದ ಆತ್ಮಮಣಿ. ಡ್ವೆಮರ್‌ಗಳಿಗೆ ಆದದ್ದನ್ನು ತನ್ನ ಕೋಣೆಯಲ್ಲೇ ಆಗಿಸಿ ನೋಡುವ ಹಂಬಲ. ಒಂದು ಏಟು ಹಾಕುತ್ತಾನೆ, ಏನೂ ಇಲ್ಲ. ಇನ್ನೊಂದು. ತಾಳ್ಮೆ ಕೆಟ್ಟು ಮತ್ತೊಂದು. ಆಮೇಲೆ ನೆಲದ ಮೇಲೆ ಕಠಾರಿ ಮಾತ್ರ. ಪ್ರಯೋಗ ಗೆದ್ದಿತೋ ಸೋತಿತೋ ಹೇಳಲು ಪ್ರಯೋಗ ಮಾಡಿದವನಿಲ್ಲ. ಎರಡು ಆಟ, ಒಂಬತ್ತು ವರ್ಷ, ಆಟದೊಳಗಿನ ಕಾಲದಲ್ಲಿ ಇನ್ನೂರು ವರ್ಷ. ಪ್ರಶ್ನೆ ಅಲ್ಲೇ ಇದೆ. ಇದನ್ನು ಇಳಿಜಾರು ಎನ್ನುವವರಿಗೆ ಯಾಗ್ರಮ್‌ನೂ ಅರ್ಥವಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಸ್ಕೈರಿಮ್‌ನ ಬಂಡಾಯ ನಾಯಕ ಉಲ್ಫ್ರಿಕ್ ವಿಚಾರವೂ ಹೀಗೆಯೇ. ಅವನ ಬಾಯಲ್ಲಿ ಅವನು ದೇಶಭಕ್ತ. ಮಾರ್ಕಾರ್ತ್ ಕುರಿತ ಪುಸ್ತಕದಲ್ಲಿ ಕಟುಕ. ಶತ್ರು ಎಲ್ಫ್‌ಗಳಾದ ಥಾಲ್ಮೋರ್‌ಗಳ ರಾಯಭಾರ ಕಚೇರಿಯಿಂದ ಕದ್ದ ಕಡತದಲ್ಲಿ ಅವರಿಗೆ ಉಪಯೋಗಕ್ಕೆ ಬರುವ ಆಳು. ಮೂರರಲ್ಲಿ ಯಾವುದು ನಿಜ ಎಂದು ಆಟ ತೀರ್ಮಾನ ಕೊಡುವುದಿಲ್ಲ.

ಹಾಗಿದ್ದರೂ ತೀರ್ಪು ಯಾಕೆ ಕದಲುವುದಿಲ್ಲ? ಅರ್ಥವಾಗದ್ದೇ ಆಳ ಎಂಬ ರುಚಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ನವ್ಯದ ಕಾಲದಲ್ಲಿ ನಾಲ್ಕು ಮಸುಕು ಪ್ರತಿಮೆ ಪೇರಿಸಿದವರೆಲ್ಲ ಗಹನರಾದದ್ದನ್ನು ಕಂಡವರಿಗೆ ವಿವೆಕ್ ಭಕ್ತಿ ಹೊಸತಲ್ಲ. ಇನ್ನೊಂದು ರೋಗ ಇದಕ್ಕೆ ವಿರುದ್ಧ ದಿಕ್ಕಿನದು: ಯಾವುದು ಅಸಲಿ, ಹೇಳಿಬಿಡಿ ಎಂಬ ಹಟ. ಡ್ವೆಮರ್‌ಗಳಿಗೆ ನಿಜವಾಗಿ ಏನಾಯಿತು ಎಂದು ಹತ್ತು ನಿಮಿಷದಲ್ಲಿ ತಿಳಿಸುವ ವೀಡಿಯೊಗಳಿಗೆ ಬರವಿಲ್ಲ. ಇದೇ ಜನ ಮೂಲ ರಾಮಾಯಣದಲ್ಲಿ ಹೀಗಿಲ್ಲ ಎಂದು ಕೋಲು ಹಿಡಿದು ಬರುತ್ತಾರೆ. 941ರ ಸುಮಾರಿಗೆ ಪಂಪ ತನ್ನ ಭಾರತದಲ್ಲಿ ಒಡೆಯ ಅರಿಕೇಸರಿಯನ್ನೇ ಅರ್ಜುನ ಮಾಡಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದ. ಆಸ್ಥಾನದ ಕೆಲಸವೇ ಅದು, ಆದರೂ ನಮ್ಮ ಆದಿಕವಿಯ ಕಾವ್ಯ. ಅಧಿಕೃತವಲ್ಲ ಎಂದು ಅದನ್ನು ಯಾರು ತಿಪ್ಪೆಗೆಸೆದರು? ಹಂಪೆಗೆ ಹೋದರೆ ರಾಣಿಯರ ಸ್ನಾನಗೃಹ, ಆನೆ ಲಾಯ, ಕಮಲ ಮಹಲ್ ಎಂದು ಗೈಡ್ ತೋರಿಸುತ್ತಾನೆ. ಕಟ್ಟಿದವರು ಇಟ್ಟ ಹೆಸರುಗಳಲ್ಲ ಅವು. 1565 ಕಳೆದು ಎಷ್ಟೋ ಕಾಲದ ಮೇಲೆ, ಕಲ್ಲು ನೋಡಿ ಬಂದವರು ಇಟ್ಟವು. ಅಲ್ಲಿ ಯಾವ ವಿವೆಕ್‌ನೂ ಎದುರಾಗುವುದಿಲ್ಲ. ಬಿಸಿಲಿನಲ್ಲಿ ಟೋಪಿ ಸರಿಮಾಡಿಕೊಂಡು, ಇಲ್ಲಿ ಏನಿತ್ತೋ ಸಾರ್, ಹೀಗಂತಾರೆ ಎನ್ನುವ ಯಾಗ್ರಮ್‌ಗಳೇ ಎಲ್ಲ.

ಇಷ್ಟನ್ನೂ ಆ ಹುಡುಗನಿಗೆ ಒಂದು ಸಂಜೆ ಹೇಳಿದ್ದೆ. ಅರ್ಧ ಕೇಳಿಸಿಕೊಂಡು ಎದ್ದುಹೋಗಿದ್ದ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನು.

"ಅಂಕಲ್, ವಿವೆಕ್‌ನ ಕೊಂದುಬಿಟ್ಟೆ. ಎಳೆ ಕಡಿದುಹೋಯ್ತು ಅಂತ ಬರ್ತಿದೆ. ಹಳೇ ಸೇವ್ ಹಾಕ್ಲಾ?"

ಬೇಡ ಎಂದೆ. ಅವನ ಮೈಮೇಲೆ ಒಂದು ಕೈಗವಸಿರುತ್ತೆ, ತಗೊಂಡು ಟೆಲ್ ಫಿರ್‌ಗೆ ಹೋಗು. ಕೆಳಗೆ ಇಳಿಯೋವಾಗ ಯಾರು ಹೊಡೆದರೂ ಕತ್ತಿ ತೆಗೀಬೇಡ.