ಹಳದಿ ತಲೆಯ ಕಲ್ಲು

ಗೆಳೆಯನೊಡನೆ ಬೆಂಗಳೂರಿನಿಂದ ಶ್ರೀನಗರದವರೆಗೆ ಕಾರಿನಲ್ಲಿ ಹೊರಟರೆ ದಾರಿ ತೋರಲು ಫೋನಿದೆ. ಆದರೂ ಮೊದಲ ದಿನ ನನ್ನ ಮನಗೆಲ್ಲುವುದು ರಸ್ತೆ ಬದಿಯ ಕಿಲೋಮೀಟರ್ ಕಲ್ಲು. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ದಪ್ಪಕ್ಷರದಲ್ಲಿ ಊರಿನ ಹೆಸರು, ಕೆಳಗೊಂದು ಅಂಕಿ. ಓಡುವ ಗಾಡಿಯಿಂದ ಓದಲು ಅಷ್ಟು ಸಾಕು. ಪ್ರತಿ ಐದನೆಯ ಕಲ್ಲು ಉಳಿದವಕ್ಕಿಂತ ದೊಡ್ಡದು.

ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ದಾಟಿದ ಮೇಲೆ ಕನ್ನಡದ ಜಾಗಕ್ಕೆ ತೆಲುಗು ಬರುತ್ತದೆ. ತೆಲುಗು ಕಲಿಯದ ಗೆಳೆಯನೂ ಸಲೀಸಾಗಿ ಓದುತ್ತಾನೆ, ಎರಡೂ ಲಿಪಿಗಳ ಮೂಲ ಒಂದೇ ತಾನೆ! ಪೆನುಕೊಂಡ, ಅನಂತಪುರ, ಕರ್ನೂಲು: ಅಂಕಿ ಇಳಿದಂತೆ ಹರಟೆ ಏರುತ್ತದೆ. ಫೋನು ತಲುಪುವ ಹೊತ್ತನ್ನು ಹೇಳೀತು. ನಡುವಿನ ಊರುಗಳ ಹೆಸರನ್ನು ಬಾಯಿತುಂಬ ಹೇಳಿಸುವುದು ಈ ಕಲ್ಲೇ.