ಚೀಟಿ ಎತ್ತಿ ಕೇಳಿದ ಪ್ರಶ್ನೆ

ಗೋಡೆಗೆ ತೂಗುಹಾಕುವ ಪಾಠದ ಚಾರ್ಟುಗಳನ್ನು ಕೊಟ್ಟರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆಯೇ? ಕೀನ್ಯಾದಲ್ಲಿ ಆಗಲೇ ಚಾರ್ಟುಗಳಿದ್ದ ಶಾಲೆಗಳನ್ನು ಇಲ್ಲದ ಶಾಲೆಗಳ ಪಕ್ಕಕ್ಕಿಟ್ಟು ನೋಡಿದಾಗ, ಇದ್ದ ಕಡೆ ಅಂಕಗಳು ಎದ್ದುಕಾಣುವಷ್ಟು ಹೆಚ್ಚಿದ್ದವು. ಅರ್ಥಶಾಸ್ತ್ರಜ್ಞರಾದ ಪಾಲ್ ಗ್ಲೆವ್, ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಅಷ್ಟಕ್ಕೇ ನಿಲ್ಲಲಿಲ್ಲ. 178 ಶಾಲೆಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ಅವುಗಳಲ್ಲಿ ಅರ್ಧಕ್ಕೆ ಮಾತ್ರ ಚಾರ್ಟುಗಳನ್ನು ಕೊಟ್ಟು ಕಾದರು. ಅಂಕಗಳ ಅಂತರ ಇಲ್ಲವಾಯಿತು. ಮೊದಲೇ ಚಾರ್ಟು ಕೊಂಡಿದ್ದ ಶಾಲೆಗಳು ಬೇರೆ ಕಾರಣಗಳಿಗಾಗಿ ಮುಂದಿದ್ದವೆಂದು, ಚಾರ್ಟಿಗೆ ಸಿಕ್ಕಿದ್ದ ಕೀರ್ತಿ ಅದರದ್ದಲ್ಲವೆಂದು ಆಗ ತಿಳಿಯಿತು. 2004ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ಬಹಳ ಗೌರವಿಸುತ್ತೇನೆ. ಒಳ್ಳೆಯ ಉದ್ದೇಶಕ್ಕೂ ಒಳ್ಳೆಯ ಫಲಕ್ಕೂ ನಡುವೆ ಎಷ್ಟು ದೂರವಿರಬಹುದು ಎಂಬುದನ್ನು ಅದು ಅಳೆದು ತೋರಿಸಿತು.

ಈ ವಿಧಾನ ಹುಟ್ಟಿದ್ದು ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎದುರಿಸಿದ ತೊಡಕು ನಮ್ಮ ಯಾವ ರೈತನಿಗಾದರೂ ಗೊತ್ತಿರುವಂಥದ್ದೇ: ಒಂದೇ ಹೊಲದಲ್ಲಿ ಈ ಮೂಲೆಯ ಮಣ್ಣು ಆ ಮೂಲೆಯದರಂತಿರುವುದಿಲ್ಲ. ಹಾಗಿರುವಾಗ ಹೆಚ್ಚಿದ ಇಳುವರಿ ಗೊಬ್ಬರದ್ದೋ ನೆಲದ್ದೋ? ಯಾವ ಪಟ್ಟಿಗೆ ಯಾವ ಗೊಬ್ಬರ ಎಂಬುದನ್ನು ಆಕಸ್ಮಿಕಕ್ಕೇ ಬಿಡಿ ಎಂದರು ಫಿಶರ್. 1948ರಲ್ಲಿ ಪ್ರಕಟವಾದ ಪ್ರಯೋಗವೊಂದರೊಂದಿಗೆ ಈ ವಿಚಾರ ಆಸ್ಪತ್ರೆಗೆ ಬಂತು. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಕ್ಷಯರೋಗಿಗಳಲ್ಲಿ 55 ಮಂದಿಗೆ ಔಷಧ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ ಎಂದು ಆಕಸ್ಮಿಕವೇ ವಿಂಗಡಿಸಿತು. ಔಷಧ ಪಡೆದವರಲ್ಲಿ ಬದುಕುಳಿದವರು ಹೆಚ್ಚು. ಅಲ್ಲಿಂದ ಅರ್ಥಶಾಸ್ತ್ರಕ್ಕೆ, ಶಿಕ್ಷಣಕ್ಕೆ ಅದು ಹರಡಿದ ಕಥೆ 2019ರ ನೊಬೆಲ್ ಪ್ರಶಸ್ತಿಯಿಂದಾಗಿ ಎಲ್ಲರಿಗೂ ತಿಳಿದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಕ್ರೆಮರ್ ಆ ಗೌರವವನ್ನು ಹಂಚಿಕೊಂಡರು. ವಡೋದರಾ ಮತ್ತು ಮುಂಬೈಯ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆಯ ‘ಬಾಲಸಖಿ’ಯರೆಂಬ ಸ್ಥಳೀಯ ಯುವತಿಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸಿದ್ದರ ಫಲವನ್ನು ಅಳೆದದ್ದೂ ಇದೇ ವಿಧಾನ.

ಇಷ್ಟೆಲ್ಲ ಮೆಚ್ಚಿಯೂ ನನಗೊಂದು ತಕರಾರಿದೆ. ಈ ಪ್ರಯೋಗಗಳು ಹೇಳುವ ‘ಇಲ್ಲ’ವನ್ನು ನಾನು ನಂಬುವಷ್ಟು ಅವು ಹೇಳುವ ‘ಹೌದು’ ಎಂಬುದನ್ನು ನಂಬಲಾರೆ. ‘ಇಲ್ಲ’ ಎಂಬ ಉತ್ತರ, ಒಂದು ಉಪಾಯ ಎಲ್ಲೆಡೆ ಫಲಿಸುತ್ತದೆಂಬ ಭ್ರಮೆಯನ್ನು ಒಡೆಯುತ್ತದೆ. ‘ಹೌದು’ ಎಂಬುದಾದರೋ ಆ ಊರು, ಆ ಕಾಲ, ಆ ಕೈಗಳಿಗೆ ಕಟ್ಟುಬಿದ್ದದ್ದು. ಕೀನ್ಯಾದಲ್ಲೇ ಗುತ್ತಿಗೆ ಶಿಕ್ಷಕರನ್ನು ಸ್ವಯಂಸೇವಾ ಸಂಸ್ಥೆಯೊಂದು ನೇಮಿಸಿದಾಗ ಮಕ್ಕಳ ಅಂಕ ಏರಿತು. ಅದೇ ಯೋಜನೆಯನ್ನು ಸರ್ಕಾರ ನಡೆಸಿದಾಗ ಏರಲಿಲ್ಲ. ಟೆಸ್ಸಾ ಬೋಲ್ಡ್ ಮತ್ತಿತರರು 2018ರಲ್ಲಿ ಪ್ರಕಟಿಸಿದ ಈ ಫಲಿತಾಂಶವನ್ನು ತಂದುಕೊಟ್ಟದ್ದೂ ಒಂದು ಪ್ರಯೋಗವೇ. ಆದರೆ ಒಂದು ಆಡಳಿತ ಒಂದು ಸುಧಾರಣೆಯನ್ನು ಹೇಗೆ ಅರಗಿಸಿಕೊಳ್ಳುತ್ತದೆ, ಹೇಗೆ ಹೊರದಬ್ಬುತ್ತದೆ ಎಂದು ತಿಳಿಯಲು ಶಿಕ್ಷಕರ ಸಂಘಗಳ ಇತಿಹಾಸ ಬೇಕು, ಕಚೇರಿಗಳಲ್ಲಿ ಕೂತು ನೋಡುವ ತಾಳ್ಮೆ ಬೇಕು.

ನಮ್ಮಲ್ಲೇ ಉದಾಹರಣೆಯಿದೆ. ಕರ್ನಾಟಕದ ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಿ ಯಂತ್ರದ ಪರೀಕ್ಷೆ ನಡೆಯಿತು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ 2017ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಯಂತ್ರ ಬಂದ ಕಡೆ ದಾದಿಯರ ಮತ್ತಿತರ ಸಿಬ್ಬಂದಿಯ ಹಾಜರಿ ಹೆಚ್ಚಿತು, ಕಡಿಮೆ ತೂಕದ ಶಿಶುಗಳ ಜನನ ತಗ್ಗಿತು. ವೈದ್ಯರ ಹಾಜರಿ ಮಾತ್ರ ಬದಲಾಗಲಿಲ್ಲ. ಆ ಪ್ರಬಂಧದ ನಿಜವಾದ ಬೆಲೆ ಇರುವುದು ಅಂಕಿಗಳಾಚೆಗಿನ ಪುಟಗಳಲ್ಲಿ: ಗೈರುಹಾಜರಿಗೆ ಗೊತ್ತುಮಾಡಿದ್ದ ದಂಡ ಜಾರಿಯಾಗಲಿಲ್ಲ, ಹಳ್ಳಿಗೆ ಬರುವ ವೈದ್ಯರೇ ವಿರಳವಾಗಿರುವಾಗ ಬಿಗಿ ಮಾಡಲು ಸರ್ಕಾರವೂ ಹಿಂಜರಿಯಿತು. ಇದನ್ನು ಕಂಡುಹಿಡಿದದ್ದು ಚೀಟಿಯಲ್ಲ, ಸುತ್ತಲಿನ ವ್ಯವಹಾರವನ್ನು ಗಮನಿಸಿದ ಕಣ್ಣು. ಅಂಥ ಕಣ್ಣಿನ ಕೆಲಸಕ್ಕೆ ವಿದ್ವತ್ ಲೋಕದಲ್ಲಿ ಇಂದು ಎರಡನೆಯ ದರ್ಜೆ ಸಿಗುತ್ತಿರುವುದು ನನಗೆ ನೋವಿನ ಸಂಗತಿ. 2015ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಕೂಡ ಪ್ರಯೋಗಗಳಿಗೆ ಪುರಾವೆಗಳ ಸಾಲಿನಲ್ಲಿ ವಿಶೇಷ ಪೀಠ ಕೊಡಬಾರದೆಂದು ವಾದಿಸುತ್ತ ಬಂದಿದ್ದಾರೆ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ಇಲ್ಲಿ ನೆನೆಯಲೇಬೇಕು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ನೆಲೆಸಿ, ಅದನ್ನು ರಾಂಪುರ ಎಂದು ಕರೆದು ಬರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ ಅವರು ಅಣಿಗೊಳಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಬಲದಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಮರುಪರೀಕ್ಷೆಗೆ ದಾರಿಯಿಲ್ಲ. ಇಂದಿನ ಕಟ್ಟುನಿಟ್ಟಿನ ಪುರಾವೆಯ ಶ್ರೇಣಿಯಲ್ಲಿ ಅದಕ್ಕೆ ತಳದ ಮೆಟ್ಟಿಲೂ ಸಿಗಲಿಕ್ಕಿಲ್ಲ. ಆದರೂ ‘ಪ್ರಬಲ ಜಾತಿ’ (ಸಂಖ್ಯೆ, ಭೂಮಿ, ಅಧಿಕಾರಗಳಲ್ಲಿ ಊರಿನ ಮೇಲುಗೈ ಇರುವ ಜಾತಿ) ಎಂಬ ಅವರ ಪರಿಕಲ್ಪನೆಯನ್ನು ಬಿಟ್ಟು ಕರ್ನಾಟಕದ ಗ್ರಾಮ ಪಂಚಾಯಿತಿಯ ಒಂದು ಸಭೆಯನ್ನೂ ಅರ್ಥಮಾಡಿಕೊಳ್ಳಲಾಗದು. ಯಾರಿಗೆ ಎಷ್ಟು ಭೂಮಿ, ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಯಾವ ಸಂಶೋಧಕನೂ ಚೀಟಿ ಎತ್ತಿ ಹಂಚಲಾರ. ಹಂಚಲಾಗದ್ದನ್ನು ಕೇಳುವುದನ್ನೇ ಬಿಟ್ಟರೆ ಸಮಾಜದ ದೊಡ್ಡ ಪ್ರಶ್ನೆಗಳೆಲ್ಲ ಸಂಶೋಧನೆಯ ಹೊರಗೆ ಉಳಿಯುತ್ತವೆ.

ಅಂಥ ಒಂದು ದೊಡ್ಡ ಪ್ರಶ್ನೆ ಕಲಿಕೆಯ ಭಾಷೆಯದು. ಕೀನ್ಯಾದ ಮತ್ತೊಂದು ಪ್ರಯೋಗದಲ್ಲಿ ಪಠ್ಯಪುಸ್ತಕ ಹಂಚಿದರೂ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಅನುಕೂಲವಾಯಿತು. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ಅನೇಕ ಮಕ್ಕಳಿಗೆ ಅದು ಮೂರನೆಯ ಭಾಷೆ. ಕನ್ನಡದ ಓದುಗರಿಗೆ ಇದು ದೂರದ ಸುದ್ದಿಯಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಮೊಕದ್ದಮೆಯಲ್ಲೇ ತೀರ್ಪಿತ್ತಿತು. ತಂದೆತಾಯಿ ತಮ್ಮ ಆಸೆ, ಆತಂಕಗಳ ಲೆಕ್ಕದಲ್ಲಿ ಮಾಧ್ಯಮವನ್ನು ಆರಿಸುವಾಗ ಯಾರೂ ಇಡೀ ನಾಡಿಗೆ ಚೀಟಿ ಎತ್ತಿಸಲಾರರು. ಇಂಗ್ಲಿಷ್ ಮಾಧ್ಯಮದ ಎರಡನೆಯ ತರಗತಿಯಲ್ಲಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗು ಏನು ಗ್ರಹಿಸುತ್ತಿದೆ ಎಂದು ತಿಳಿಯಲು ಅಂಕಗಳನ್ನು ಅಳೆಯುವವರು ಬೇಕು, ಭಾಷಾಶಾಸ್ತ್ರಜ್ಞರು ಬೇಕು, ಫೀಸಿಗಾಗಿ ಆ ಮನೆ ಮಾಡಿದ ಸಾಲವನ್ನು ವಿಚಾರಿಸುವ ಅರ್ಥಶಾಸ್ತ್ರಜ್ಞರು ಬೇಕು, ವರ್ಷವಿಡೀ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಸಿದ್ಧರಿರುವ ಒಬ್ಬರಾದರೂ ಬೇಕು. ಆ ಕೊನೆಯ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಮೊದಲು ಹಣ ಕೊಡಲಿ.