ಅಕ್ಷರದ ತಲೆಯ ಮೇಲೊಂದು ಕೊಕ್ಕೆ

ನಮ್ಮ ಕಲಬುರಗಿ ಸೀಮೆಗೆ ಸಂಕ್ಷಿಪ್ತಾಕ್ಷರ ಹೊಸದಲ್ಲ. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನ ಹೆಸರಿಗೇ ‘ಬಿ’ ಎಂಬ ಬಾಲವಿದೆ. ಈ ಕಡೆಯ ಊರುಗಳಲ್ಲಿ ‘ಬಿ’ ಎಂದರೆ ಬುಜುರ್ಗ್, ಹಿರಿಯದು. ‘ಕೆ’ ಎಂದರೆ ಖುರ್ದ್, ಕಿರಿಯದು. ಫಾರ್ಸಿ ಮಾತು ಜನರ ಬಾಯಿಂದ ಹೋಯಿತು, ಇಂಗ್ಲಿಷಿನ ಒಂದಕ್ಷರ ಉಳಿಯಿತು. ಸಂಕ್ಷೇಪದ ಗುಣವೇ ಅದು: ಅಕ್ಷರ ನಿಲ್ಲುತ್ತದೆ, ಅರ್ಥ ಜಾರುತ್ತದೆ.

ಈಗ ಅದಕ್ಕೊಂದು ಕೊಕ್ಕೆಯೂ ಸೇರಿದೆ. ನೋಟೀಸು, ಬ್ಯಾನರುಗಳಲ್ಲಿ ‘ಎ.ಎನ್.ಎಂ’ಗಳು’, ‘ಎನ್.ಜಿ.ಓ’ಗಳು’ ಎಂದು ನಡುವೆ ಅಪಾಸ್ಟ್ರಫಿ ಇಟ್ಟಿರುವುದನ್ನು ನೋಡುತ್ತೇನೆ. ಇಂಗ್ಲಿಷಿನವರು ಹಿಂದೆ ಸಂಕ್ಷಿಪ್ತಾಕ್ಷರದ ಬಹುವಚನಕ್ಕೆ ಹೀಗೆ ಬರೆಯುತ್ತಿದ್ದರು. ಷಷ್ಠಿಗೂ ಅದೇ ಗುರುತು. ‘ಸದಸ್ಯರು’ ಎಂದೋ ‘ಸದಸ್ಯನ’ ಎಂದೋ ಗೊಂದಲ. ಇಂದು ಅವರೇ ಬಹುಮಟ್ಟಿಗೆ ಅದನ್ನು ಕೈಬಿಟ್ಟಿದ್ದಾರೆ. ಕನ್ನಡಕ್ಕೆ ಆ ತೊಡಕೇ ಇಲ್ಲ: ‘ಗಳು’ ಎಂದರೆ ಬಹುವಚನ, ‘ಗಳ’ ಎಂದರೆ ಷಷ್ಠಿ. ಬಸ್ಸುಗಳು, ಬ್ಯಾಂಕುಗಳು ಎನ್ನಲು ನಮಗೆ ಯಾವ ಕೊಕ್ಕೆಯೂ ಬೇಕಾಗಲಿಲ್ಲ. ಇನ್ನು ‘ಎನ್.ಜಿ.ಓಸ್‌ಗಳು’ ಎನ್ನುವುದು ಸೀರೆಯ ಮೇಲೆ ಸೀರೆ ಉಟ್ಟಂತೆ.

ಚುಕ್ಕಿಯ ಮಾತು ಬೇರೆ. ನಮ್ಮ ಸ್ವಸಹಾಯ ಸಂಘಗಳಿಗೆ ‘ಎಸ್.ಎಚ್.ಜಿ.’ ಎನ್ನುತ್ತಾರಲ್ಲ, ಅದರ ಚುಕ್ಕಿ ತೆಗೆದು ಒತ್ತಾಗಿ ಟೈಪು ಮಾಡಿದರೆ ಚಕಾರದ ಕಾಲಿಗೆ ಜಕಾರ ಜೋತುಬಿದ್ದು ಓದುವುದೇ ಕಷ್ಟ. ಚುಕ್ಕಿ ದುಡಿಯುತ್ತದೆ, ಕೊಕ್ಕೆ ಸುಮ್ಮನೆ ಕೂತಿರುತ್ತದೆ.

ಆದರೆ ನನ್ನ ತಕರಾರು ಕೊಕ್ಕೆಗೆ ಮುಗಿಯುವುದಿಲ್ಲ. ‘ಆಶಾ’ ಎಂಬ ಹೆಸರನ್ನೇ ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಅದು ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ. ‘ಆಶಾ ಕಾರ್ಯಕರ್ತೆಯರು’ ಎಂದಾಗ ಬಸುರಿಯ ಮನೆಗೆ ನಡೆದುಹೋಗುವ ಹೆಣ್ಣುಮಕ್ಕಳು ಕಣ್ಣಿಗೆ ಬರುತ್ತಾರೆ. ‘ಆಶಾಗಳು’ ಎಂದಾಗ? ‘ಗಳು’ ಕೀಳಲ್ಲ, ನಿಜ. ಗುರುಗಳಿಗೂ ಮಂತ್ರಿಗಳಿಗೂ ಅದೇ ಸಲ್ಲುತ್ತದೆ. ಆದರೆ ಮರಗಳಿಗೂ ಮೇಜುಗಳಿಗೂ ಸಲ್ಲುತ್ತದೆ. ದುಡಿಯುವವಳು ಹೆಣ್ಣು ಎಂಬುದನ್ನು ಹೇಳುವುದು ‘ಯರು’ ಮಾತ್ರ. ಸಂಬಳ, ರಜೆ, ಸುರಕ್ಷತೆ ಇವೆಲ್ಲ ಮನುಷ್ಯರ ಪ್ರಶ್ನೆ, ಅಕ್ಷರಗಳದ್ದಲ್ಲ.

ನಿಮ್ಮ ಸಂಘದ ಠರಾವು ಪುಸ್ತಕ ಬರೆಯುವಾಗ ಇದೊಂದು ನೆನಪಿರಲಿ, ಅಕ್ಕಂದಿರೇ. ಜಾಗ ಉಳಿಸಬೇಕೆಂದರೆ ಕೊಕ್ಕೆಯನ್ನು ಬಿಡಿ, ಕಾರ್ಯಕರ್ತೆಯರನ್ನು ಬಿಡಬೇಡಿ.